ತಪ್ಪೊಪ್ಪಿಕೊಂಡ ಮೇಲೂ ಅಪೀಲು ಇದೆ: ಶಿಕ್ಷೆ ಹೆಚ್ಚಾಯಿತೆಂದು ಪ್ರಶ್ನಿಸುವ ಸಮಗ್ರ ಮಾರ್ಗದರ್ಶಿ

ಜೆ.ಎಂ.ಎಫ್.ಸಿ. (ಒಂದನೇ ದರ್ಜೆ ನ್ಯಾಯಿಕ ಮ್ಯಾಜಿಸ್ಟ್ರೇಟ್) ನ್ಯಾಯಾಲಯಗಳಲ್ಲಿ ಅಪಘಾತ, ಸಣ್ಣ ಕಳ್ಳತನ, ಕುಡಿದು ವಾಹನ ಓಡಿಸಿದ್ದು, ಬೀದಿ ಜಗಳ ಮುಂತಾದ ಪ್ರಕರಣಗಳಲ್ಲಿ ಆರೋಪಿಗಳು 'ಒಪ್ಪಿಕೊಂಡು ದಂಡ ಕಟ್ಟಿ ಮುಗಿಸಿಬಿಡೋಣ' ಎಂದು ನಿರ್ಧರಿಸುವುದು ಸಾಮಾನ್ಯ. ದಂಡವಷ್ಟೇ ಆಗುತ್ತದೆ ಅಂದುಕೊಂಡವರಿಗೆ ಆರು ತಿಂಗಳೋ ವರ್ಷವೋ ಸಜೆಯಾದಾಗ ಮನೆಯವರು ಕೇಳುವ ಮೊದಲ ಪ್ರಶ್ನೆ: ಒಪ್ಪಿಕೊಂಡ ಮೇಲೆ ಅಪೀಲು ಹಾಕಲು ಬರುತ್ತದೆಯೇ? ಬರುತ್ತದೆ, ಆದರೆ ಶಿಕ್ಷೆಯ ಮಟ್ಟಿಗೆ ಮಾತ್ರ. ಇದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2023ರ ಕಲಂ 416ರಲ್ಲಿದೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದೇ ಮಾತು ಕಲಂ 375ರಲ್ಲಿತ್ತು.

ಕಲಂ 416ರ ಪ್ರಕಾರ, ತಪ್ಪೊಪ್ಪಿಗೆಯ ಮೇಲೆ ಸೆಷನ್ಸ್ ನ್ಯಾಯಾಲಯವೋ ಒಂದನೇ ಅಥವಾ ಎರಡನೇ ದರ್ಜೆ ಮ್ಯಾಜಿಸ್ಟ್ರೇಟರೋ ಅಪರಾಧಿಯೆಂದು ತೀರ್ಮಾನಿಸಿದ್ದರೆ ಆ ತೀರ್ಮಾನದ ವಿರುದ್ಧ ಅಪೀಲಿಲ್ಲ. ಶಿಕ್ಷೆಯ 'ಪ್ರಮಾಣ' ಮತ್ತು 'ಕಾನೂನುಬದ್ಧತೆ' ಎಂಬ ಎರಡು ಅಂಶಗಳ ಮೇಲೆ ಮಾತ್ರ ಉಂಟು. ತೀರ್ಮಾನ ಹೈಕೋರ್ಟಿನದೇ ಆಗಿದ್ದರೆ ಅದೂ ಇಲ್ಲ. ಹೆಚ್ಚಿನ ಅಪೀಲುಗಳು 'ನಾನು ಬಡವ, ಶಿಕ್ಷೆ ಕಡಿಮೆ ಮಾಡಿ' ಎಂದು ಪ್ರಮಾಣದ ಮಾತಿನಿಂದಲೇ ಶುರುವಾಗುತ್ತವೆ. ಶುರುಮಾಡಬೇಕಾದದ್ದು ಕಾನೂನುಬದ್ಧತೆಯಿಂದ. ಪ್ರಮಾಣವು ನ್ಯಾಯಾಧೀಶರ ವಿವೇಚನೆಗೆ ಬಿಟ್ಟದ್ದು. ಮಿತಿ ಮೀರಿದ ಶಿಕ್ಷೆ ಲೆಕ್ಕದ ತಪ್ಪು, ಅದನ್ನು ತಿದ್ದದೆ ವಿಧಿಯಿಲ್ಲ.

ಮೊದಲು ಖಚಿತಪಡಿಸಿಕೊಳ್ಳಬೇಕಾದದ್ದು: ಅದು ಯಾವ ಬಗೆಯ ತಪ್ಪೊಪ್ಪಿಗೆ?

ಆರೋಪ ಓದಿ ಹೇಳಿದಾಗ ಒಪ್ಪಿಕೊಳ್ಳುವುದು ಒಂದು, 'ಪ್ಲೀ ಬಾರ್ಗೇನಿಂಗ್' ಇನ್ನೊಂದು. ಎರಡನೆಯದು ಸುರಕ್ಷಾ ಸಂಹಿತೆಯ ಕಲಂ 289ರಿಂದ 300ರವರೆಗಿನ ಅಧ್ಯಾಯದಡಿ, ಆರೋಪಿಯೇ ಅರ್ಜಿ ಕೊಟ್ಟು, ನೊಂದವರ ಜತೆ ಮಾತುಕತೆಯಾಗಿ, ಬರಹದಲ್ಲಿ ಮುಗಿಯುವ ವ್ಯವಹಾರ. ಹಾಗೆ ಬಂದ ತೀರ್ಪು ಕಲಂ 295ರ ಪ್ರಕಾರ ಅಂತಿಮ. ಅದರ ಮೇಲೆ ಮಾಮೂಲಿ ಅಪೀಲಿಲ್ಲ. ಸಂವಿಧಾನದ 136ನೇ ವಿಧಿಯಡಿ ವಿಶೇಷ ಅನುಮತಿ ಅರ್ಜಿ ಅಥವಾ 226, 227ನೇ ವಿಧಿಗಳಡಿ ರಿಟ್, ಇಷ್ಟೇ ದಾರಿ. ಇಲ್ಲಿಂದ ಮುಂದೆ ಬರೆದಿರುವುದೆಲ್ಲ ಮೊದಲನೆಯ ಬಗೆಗೆ ಮಾತ್ರ.

ಪ್ಲೀ ಬಾರ್ಗೇನಿಂಗಿನಲ್ಲಿ ಶಿಕ್ಷೆಯ ರಿಯಾಯಿತಿಗೆ ಕಾನೂನಿನಲ್ಲೇ ಲೆಕ್ಕವಿದೆ. ಸಾಮಾನ್ಯ ತಪ್ಪೊಪ್ಪಿಗೆಗೆ ಅಂಥ ಯಾವ ಲೆಕ್ಕವೂ ಇಲ್ಲ. 'ಒಪ್ಪಿಕೊಂಡರೆ ಇಷ್ಟು ಕಡಿಮೆ' ಎಂಬ ನಿಯಮ ಇದೆಯೆಂದು ನಂಬಿ ಅಪೀಲು ಬರೆದರೆ ಅದು ನಿಲ್ಲದು. ಒಪ್ಪಿಕೊಂಡದ್ದು ಪಶ್ಚಾತ್ತಾಪದ ಗುರುತು, ನ್ಯಾಯಾಲಯದ ಸಮಯ ಉಳಿಸಿತು ಎಂಬಷ್ಟಕ್ಕೆ ಅದನ್ನು ಬಳಸಬಹುದು.

ಯಾವ ನ್ಯಾಯಾಲಯಕ್ಕೆ, ಎಷ್ಟು ದಿನದೊಳಗೆ

ಮ್ಯಾಜಿಸ್ಟ್ರೇಟರು ಶಿಕ್ಷೆ ಕೊಟ್ಟಿದ್ದರೆ ಅಪೀಲು ಜಿಲ್ಲಾ ಸೆಷನ್ಸ್ ನ್ಯಾಯಾಲಯಕ್ಕೆ. ಬೆಂಗಳೂರು ನಗರದಲ್ಲಾದರೆ ಸಿಟಿ ಸಿವಿಲ್ ಮತ್ತು ಸೆಷನ್ಸ್ ನ್ಯಾಯಾಲಯಕ್ಕೆ. ಸೆಷನ್ಸ್ ನ್ಯಾಯಾಧೀಶರು ಕೊಟ್ಟಿದ್ದರೆ, ಅಥವಾ ಯಾವುದೇ ನ್ಯಾಯಾಲಯ ಏಳು ವರ್ಷ ಮೀರಿದ ಸಜೆ ಕೊಟ್ಟಿದ್ದರೆ, ಹೈಕೋರ್ಟಿಗೆ. ಜಿಲ್ಲೆ ಯಾವುದೆಂಬುದರ ಮೇಲೆ ಬೆಂಗಳೂರಿನ ಪ್ರಧಾನ ಪೀಠ, ಧಾರವಾಡ ಪೀಠ ಅಥವಾ ಕಲಬುರಗಿ ಪೀಠ. ಇದು ಕಲಂ 415.

ಬಹಳ ಸಣ್ಣ ಶಿಕ್ಷೆಗೆ ಅಪೀಲೇ ಇಲ್ಲವೆನ್ನುತ್ತದೆ ಕಲಂ 417. ಸೆಷನ್ಸ್ ನ್ಯಾಯಾಲಯ ಕೊಟ್ಟ ಮೂರು ತಿಂಗಳು ಮೀರದ ಸಜೆ ಅಥವಾ 200 ರೂಪಾಯಿ ಮೀರದ ದಂಡ, ಒಂದನೇ ದರ್ಜೆ ಮ್ಯಾಜಿಸ್ಟ್ರೇಟರು ಹಾಕಿದ 100 ರೂಪಾಯಿವರೆಗಿನ ದಂಡ, ಸಂಕ್ಷಿಪ್ತ ವಿಚಾರಣೆಯಲ್ಲಿ (ಸಣ್ಣ ಪ್ರಕರಣಗಳನ್ನು ಚುಟುಕಾಗಿ ಮುಗಿಸುವ ಕ್ರಮ) 200 ರೂಪಾಯಿವರೆಗಿನ ದಂಡ ಈ ಪಟ್ಟಿಯಲ್ಲಿವೆ. ಮ್ಯಾಜಿಸ್ಟ್ರೇಟರು ಒಂದು ದಿನದ ಸಜೆ ಕೊಟ್ಟರೂ ಅದು ಈ ತಡೆಯೊಳಗೆ ಬರುವುದಿಲ್ಲ.

ಅವಧಿಯನ್ನು ಹೇಳುವುದು 1963ರ ಕಾಲಮಿತಿ ಕಾಯ್ದೆಯ 115ನೇ ಅನುಚ್ಛೇದ: ಸೆಷನ್ಸ್ ನ್ಯಾಯಾಲಯಕ್ಕೆ 30 ದಿನ, ಹೈಕೋರ್ಟಿಗೆ 60 ದಿನ. ತೀರ್ಪಿನ ದಿನವನ್ನು ಎಣಿಸುವಂತಿಲ್ಲ. ನಕಲು ಸಿಗಲು ಹಿಡಿದ ದಿನಗಳನ್ನೂ ಅದೇ ಕಾಯ್ದೆಯ ಕಲಂ 12ರ ಪ್ರಕಾರ ಬಿಡಬೇಕು. ಜೂನ್ 3ರಂದು ಶಿಕ್ಷೆಯಾಯಿತು ಎಂದುಕೊಳ್ಳಿ. 30ನೇ ದಿನ ಜುಲೈ 3. ನಕಲಿಗೆ ಜೂನ್ 5ರಂದು ಅರ್ಜಿ ಹಾಕಿ, ಅದು ಜೂನ್ 14ರಂದು ಸಿದ್ಧವಾದರೆ ಆ ಹತ್ತು ದಿನ ಸೇರಿ ಕೊನೆಯ ದಿನ ಜುಲೈ 13. ಆ ದಿನ ರಜೆಯಿದ್ದರೆ ನ್ಯಾಯಾಲಯ ತೆರೆಯುವ ದಿನ. ನಕಲು ಸಿದ್ಧವಾಗಿದ್ದೂ ನೀವು ತಡವಾಗಿ ಹೋಗಿ ತೆಗೆದುಕೊಂಡರೆ ಆ ಹೆಚ್ಚುವರಿ ದಿನಗಳನ್ನು ಎಣಿಕೆಯಿಂದ ಬಿಡುವಂತಿಲ್ಲ. ನಕಲಿನ ಹಿಂಬದಿಯ ಮುದ್ರೆಯಲ್ಲಿ ಅರ್ಜಿಯ ದಿನ, ಸಿದ್ಧವಾದ ದಿನ, ಕೊಟ್ಟ ದಿನ ಬೇರೆಬೇರೆಯಾಗಿ ಇರುತ್ತವೆ. ಕಚೇರಿಯವರು ನೋಡುವುದು ಅದನ್ನೇ.

ತಡವಾದರೆ ಕಾಲಮಿತಿ ಕಾಯ್ದೆಯ ಕಲಂ 5ರ ವಿಳಂಬ ಮನ್ನಾ ಅರ್ಜಿ, ಜತೆಗೆ ಪ್ರಮಾಣಪತ್ರ (ಅಫಿಡವಿಟ್). 'ಕಾನೂನು ಗೊತ್ತಿರಲಿಲ್ಲ' ಎಂದು ಒಂದೇ ಸಾಲು ಬರೆದರೆ ಸಾಲದು. ಜೈಲಿನಲ್ಲಿದ್ದರು, ಆಸ್ಪತ್ರೆಯಲ್ಲಿದ್ದರು, ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಎಂಬುದನ್ನು ದಾಖಲೆ ಸಮೇತ ಹೇಳಬೇಕು.

ತರಿಸಿಕೊಳ್ಳಬೇಕಾದ ಕಾಗದಗಳು

ಸಜೆಯಾದವರಿಗೆ ತೀರ್ಪಿನ ಒಂದು ಪ್ರತಿಯನ್ನು ಕೂಡಲೇ, ಉಚಿತವಾಗಿ ಕೊಡಬೇಕು ಎಂಬುದು ಸುರಕ್ಷಾ ಸಂಹಿತೆಯ ಕಲಂ 404. ಅದನ್ನು ಕೇಳಿ ಪಡೆಯಿರಿ. ಆದರೆ ತೀರ್ಪು ಒಂದೇ ಇದ್ದರೆ ವಾದ ಅರ್ಧ. ತಪ್ಪೊಪ್ಪಿಗೆಯ ಪ್ರಕರಣದಲ್ಲಿ ತೀರ್ಪು ಹಲವು ಸಲ ಒಂದೂವರೆ ಪುಟ; ನಿಜವಾದ ಸಂಗತಿ ಆರ್ಡರ್ ಶೀಟಿನಲ್ಲಿ, ಅಂದರೆ ಪ್ರಕರಣದ ದಿನದಿನದ ನಡಾವಳಿ ಬರೆದ ಹಾಳೆಗಳಲ್ಲಿ, ಇರುತ್ತದೆ. ಹಾಗಾಗಿ ದೃಢೀಕೃತ ನಕಲಿನ ಅರ್ಜಿಯಲ್ಲಿ ಆರ್ಡರ್ ಶೀಟ್ ಪೂರ್ತಿ, ಆರೋಪ ಓದಿ ಹೇಳಿ ಉತ್ತರ ಬರೆದುಕೊಂಡ ಹಾಳೆ, ದೋಷಾರೋಪ ಪಟ್ಟಿ, ಗಾಯದ ಪ್ರಮಾಣಪತ್ರ ಇದ್ದರೆ ಅದು, ಬಂಧನ ಮತ್ತು ಜಾಮೀನಿನ ದಿನಾಂಕ ತೋರಿಸುವ ಪುಟಗಳು, ಎಲ್ಲವನ್ನೂ ಸೇರಿಸಿ.

ಉತ್ತರ ಬರೆದುಕೊಂಡ ಹಾಳೆಯನ್ನು ಎರಡು ಸಲ ಓದಿ. 'ಒಪ್ಪಿಕೊಂಡಿದ್ದಾರೆ' ಎಂಬ ಅಚ್ಚಾದ ಸಾಲಿನ ಕೆಳಗೆ ಹೆಬ್ಬೆಟ್ಟು ಮಾತ್ರ ಇದೆಯೇ? ಅಥವಾ 'ಎದುರಿನ ಬೈಕಿನವನೇ ಅಡ್ಡ ಬಂದ ಸ್ವಾಮಿ, ಡಿಕ್ಕಿ ಆಗಿದ್ದು ನಿಜ' ಎಂದು ಇದೆಯೇ? ಎರಡನೆಯದು ತಪ್ಪೊಪ್ಪಿಗೆಯೇ ಅಲ್ಲ. ಡಿಕ್ಕಿ ಒಪ್ಪಿದ್ದಾರೆ, ಅಜಾಗರೂಕತೆ ಒಪ್ಪಿಲ್ಲ. ಸಮನ್ಸ್ ಪ್ರಕರಣದಲ್ಲಿ (ಕಡಿಮೆ ಶಿಕ್ಷೆಯ ಪ್ರಕರಣ) ಆರೋಪಿಯ ಮಾತನ್ನು ಆದಷ್ಟೂ ಅವರದೇ ಪದಗಳಲ್ಲಿ ಬರೆದುಕೊಳ್ಳಬೇಕು ಎನ್ನುತ್ತದೆ ಕಲಂ 275. ಹಳೆಯ ಸಂಹಿತೆಯ ಇಂಥದೇ ಕಲಮಿನ ಬಗ್ಗೆ ಮಹಂತ್ ಕೌಶಲ್ಯ ದಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದು ಬರಿಯ ಔಪಚಾರಿಕತೆಯಲ್ಲ ಎಂದು ಹೇಳಿದೆ.

ಶಿಕ್ಷೆಯ ಲೆಕ್ಕ ಹಾಕುವುದು

ಒಂದು ಕಾಲ್ಪನಿಕ ತೀರ್ಪನ್ನು ಎದುರಿಗಿಟ್ಟುಕೊಳ್ಳೋಣ. ಬೈಕ್ ಡಿಕ್ಕಿಯಾಗಿ ಪಾದಚಾರಿಯ ಕಾಲು ಮುರಿದಿದೆ. ಸವಾರ ಒಪ್ಪಿಕೊಂಡಿದ್ದಾನೆ. ಅಪರಾಧ, ಶಿಕ್ಷೆಗಳನ್ನು ಹೇಳುವ ಭಾರತೀಯ ನ್ಯಾಯ ಸಂಹಿತೆಯ ಕಲಂ 281ಕ್ಕೆ (ಅಜಾಗರೂಕ ಚಾಲನೆ) 1,000 ರೂಪಾಯಿ ದಂಡ, ಕಟ್ಟದಿದ್ದರೆ ಮೂರು ತಿಂಗಳು ಸಜೆ. ಕಲಂ 125(ಬಿ)ಗೆ (ಅಜಾಗರೂಕತೆಯಿಂದ ತೀವ್ರ ಗಾಯ) ಒಂದು ವರ್ಷ ಸಜೆ ಮತ್ತು 15,000 ರೂಪಾಯಿ ದಂಡ. ನೋಡಲು ಸರಿಯಾಗಿದೆ. ಲೆಕ್ಕ ಹಾಕಿದರೆ ಎರಡು ಕಡೆ ತಪ್ಪಿದೆ.

ಕಲಂ 125(ಬಿ)ಗೆ ಗರಿಷ್ಠ ಮೂರು ವರ್ಷ ಸಜೆ ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ. ಅಂದರೆ ದಂಡದಲ್ಲಿ 5,000 ರೂಪಾಯಿ ಹೆಚ್ಚು. ಕಲಂ 281ಕ್ಕೆ ಗರಿಷ್ಠ ಆರು ತಿಂಗಳು. ಸಜೆಯೂ ದಂಡವೂ ಇರುವ ಅಪರಾಧದಲ್ಲಿ ದಂಡ ಕಟ್ಟದ್ದಕ್ಕೆ ಕೊಡುವ ಸಜೆ ಆ ಗರಿಷ್ಠದ ನಾಲ್ಕನೇ ಒಂದು ಭಾಗ ಮೀರಬಾರದು ಎಂಬುದು ನ್ಯಾಯ ಸಂಹಿತೆಯ ಕಲಂ 8. ಆರು ತಿಂಗಳ ಕಾಲುಭಾಗ ಒಂದೂವರೆ ತಿಂಗಳು. ತೀರ್ಪಿನಲ್ಲಿರುವುದು ಅದರ ಎರಡರಷ್ಟು. ಇದು ಕಾನೂನುಬದ್ಧತೆಯ ಪ್ರಶ್ನೆ, ಕರುಣೆಯ ಪ್ರಶ್ನೆಯಲ್ಲ.

ಇದೇ ರೀತಿ ನೋಡಬೇಕಾದ ಇನ್ನಷ್ಟಿವೆ:

- ಮ್ಯಾಜಿಸ್ಟ್ರೇಟರ ಅಧಿಕಾರದ ಮಿತಿ. ಒಂದನೇ ದರ್ಜೆಯವರಿಗೆ ಮೂರು ವರ್ಷ ಸಜೆ, 50,000 ರೂಪಾಯಿ ದಂಡ. ಎರಡನೇ ದರ್ಜೆಯವರಿಗೆ ಒಂದು ವರ್ಷ, 10,000 ರೂಪಾಯಿ. ಮುಖ್ಯ ನ್ಯಾಯಿಕ ಮ್ಯಾಜಿಸ್ಟ್ರೇಟರಿಗೆ ಏಳು ವರ್ಷ. ಇದು ಸುರಕ್ಷಾ ಸಂಹಿತೆಯ ಕಲಂ 23. ಪ್ರಕರಣ ಸಂಕ್ಷಿಪ್ತ ವಿಚಾರಣೆಯದಾಗಿದ್ದರೆ ಮೂರು ತಿಂಗಳಿಗಿಂತ ಹೆಚ್ಚು ಸಜೆ ಕೊಡುವಂತಿಲ್ಲ.
- ಕೃತ್ಯದ ದಿನಾಂಕ. ಹೊಸ ಸಂಹಿತೆಗಳು ಜಾರಿಯಾದದ್ದು 2024ರ ಜುಲೈ 1ರಂದು. ಅದಕ್ಕೂ ಹಿಂದಿನ ಕೃತ್ಯಕ್ಕೆ ಹಳೆಯ ಭಾರತೀಯ ದಂಡ ಸಂಹಿತೆಯ ಶಿಕ್ಷೆಯೇ. ನಿರ್ಲಕ್ಷ್ಯದಿಂದ ಸಾವಾದರೆ ಹಳೆಯ ಕಲಂ 304ಎ ಪ್ರಕಾರ ಗರಿಷ್ಠ ಎರಡು ವರ್ಷ, ಹೊಸ ನ್ಯಾಯ ಸಂಹಿತೆಯ ಕಲಂ 106(1)ರಲ್ಲಿ ಐದು ವರ್ಷ. ಹಿಂದಿನ ಕೃತ್ಯಕ್ಕೆ ಹೊಸ ಶಿಕ್ಷೆ ಹಾಕುವುದಕ್ಕೆ ಸಂವಿಧಾನದ 20(1)ನೇ ವಿಧಿಯೇ ಅಡ್ಡ.
- ಕಳ್ಳತನದ ಮೌಲ್ಯ. 5,000 ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತು, ಮೊದಲ ಬಾರಿಯ ಶಿಕ್ಷೆ, ವಸ್ತುವನ್ನೋ ಬೆಲೆಯನ್ನೋ ಹಿಂದಿರುಗಿಸಿದ್ದರೆ, ನ್ಯಾಯ ಸಂಹಿತೆಯ ಕಲಂ 303(2)ರ ಪ್ರಕಾರ ಶಿಕ್ಷೆ ಸಮುದಾಯ ಸೇವೆ. ಜೈಲಲ್ಲ.
- ವಯಸ್ಸು. ಕೃತ್ಯದ ದಿನ 18 ತುಂಬಿರಲಿಲ್ಲವಾದರೆ 2015ರ ಬಾಲನ್ಯಾಯ ಕಾಯ್ದೆಯ ಕಲಂ 9ರಡಿ ಆ ವಾದವನ್ನು ಯಾವ ನ್ಯಾಯಾಲಯದಲ್ಲೂ, ಯಾವ ಹಂತದಲ್ಲೂ ಎತ್ತಬಹುದು. 21 ತುಂಬಿರದಿದ್ದರೆ 1958ರ ಅಪರಾಧಿಗಳ ಪರಿವೀಕ್ಷಣಾ (ಪ್ರೊಬೇಷನ್) ಕಾಯ್ದೆಯ ಕಲಂ 6 ನೋಡಿ: ಜೀವಾವಧಿಗೆ ಅರ್ಹವಲ್ಲದ ಅಪರಾಧಕ್ಕೆ ಜೈಲಿಗೆ ಕಳಿಸುವುದಾದರೆ ಪರಿವೀಕ್ಷಣಾಧಿಕಾರಿಯ ವರದಿ ತರಿಸಿ, ಕಾರಣ ಬರೆಯಬೇಕು. ತೀರ್ಪಿನಲ್ಲಿ ಅದಿಲ್ಲದಿದ್ದರೆ ಅಪೀಲಿನ ಮೊದಲ ಆಧಾರವೇ ಅದು.
- ವಿಚಾರಣೆಗೆ ಮುಂಚೆ ಒಳಗಿದ್ದ ದಿನಗಳು. ಸುರಕ್ಷಾ ಸಂಹಿತೆಯ ಕಲಂ 468ರ ಪ್ರಕಾರ ಅವನ್ನು ಸಜೆಯಿಂದ ಕಳೆಯಬೇಕು. ತೀರ್ಪು ಈ ಬಗ್ಗೆ ಮೌನವಾಗಿದ್ದರೆ ಜೈಲಿನವರು ಕಳೆಯದೇ ಹೋಗುವ ಸಾಧ್ಯತೆಯಿದೆ.
- ಒಂದಕ್ಕಿಂತ ಹೆಚ್ಚು ಸಜೆಗಳಿದ್ದಾಗ ಅವು ಒಟ್ಟಿಗೆ ನಡೆಯಬೇಕೋ ಒಂದಾದ ಮೇಲೊಂದೋ ಎಂಬುದು ಸ್ಪಷ್ಟವಿದೆಯೇ? ಒಂದೇ ಕೃತ್ಯಕ್ಕೆ ಎರಡೆರಡು ಶಿಕ್ಷೆಯಾಗಿದ್ದರೆ ನ್ಯಾಯ ಸಂಹಿತೆಯ ಕಲಂ 9 ಮತ್ತು ಸುರಕ್ಷಾ ಸಂಹಿತೆಯ ಕಲಂ 25ನ್ನು ಒಟ್ಟಿಗೆ ಓದಿ.

ಕನಿಷ್ಠ ಶಿಕ್ಷೆ ಗೊತ್ತುಮಾಡಿರುವ ಕಾನೂನುಗಳಲ್ಲಿ ಈ ಆಟ ಬೇರೆ. ವಾಣಿಜ್ಯ ಪ್ರಮಾಣದ ಮಾದಕ ವಸ್ತುವಿಗೆ ಕನಿಷ್ಠ ಹತ್ತು ವರ್ಷ; ಎಷ್ಟೇ ಕಷ್ಟ ತೋಡಿಕೊಂಡರೂ ಅಪೀಲು ನ್ಯಾಯಾಲಯ ಅದರ ಕೆಳಗಿಳಿಯಲಾರದು. ಕನಿಷ್ಠವನ್ನೇ ಕೊಟ್ಟಿದ್ದಾರೆಂದರೆ ಪ್ರಮಾಣದ ಅಪೀಲಿಗೆ ದುಡ್ಡು ಖರ್ಚು ಮಾಡುವ ಮೊದಲು ಯೋಚಿಸಿ.

ಪ್ರಮಾಣದ ವಾದ ಕಟ್ಟುವುದು

ನಮ್ಮಲ್ಲಿ ಯಾವ ತಪ್ಪಿಗೆ ಎಷ್ಟು ಎಂಬ ಶಿಕ್ಷಾ ಮಾರ್ಗಸೂಚಿಯ ಪುಸ್ತಕವಿಲ್ಲ. ಅದು ಬೇಕೆಂದು ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ವಿ.ಎಸ್. ಮಳಿಮಠ ಅವರ ಸಮಿತಿ 2003ರಲ್ಲೇ ಹೇಳಿತ್ತು, ಬರಲಿಲ್ಲ. ಹಾಗಾಗಿ ಒಂದೇ ತಪ್ಪಿಗೆ ಒಂದು ತಾಲ್ಲೂಕಿನಲ್ಲಿ ದಂಡ, ಪಕ್ಕದ ತಾಲ್ಲೂಕಿನಲ್ಲಿ ಆರು ತಿಂಗಳು. ಅಪೀಲಿನಲ್ಲಿ ಕೇಳಬೇಕಾದದ್ದು: ಗರಿಷ್ಠದ ಹತ್ತಿರ ಹೋಗಲು ಕೆಳನ್ಯಾಯಾಲಯ ಕಾರಣ ಕೊಟ್ಟಿದೆಯೇ? ಶಿಕ್ಷೆಯ ಬಗ್ಗೆ ಆರೋಪಿಯನ್ನು ಕೇಳಿದೆಯೇ? ಸೆಷನ್ಸ್ ವಿಚಾರಣೆಯಲ್ಲಿ ಸುರಕ್ಷಾ ಸಂಹಿತೆಯ ಕಲಂ 258(2), ವಾರಂಟ್ ಪ್ರಕರಣದಲ್ಲಿ (ಹೆಚ್ಚಿನ ಶಿಕ್ಷೆಯ ಪ್ರಕರಣ) 271(2) ಹೀಗೆ ಕೇಳಲೇಬೇಕೆನ್ನುತ್ತವೆ. ಇದು ಬರಿಯ ಶಾಸ್ತ್ರವಲ್ಲ, ನಿಜವಾದ ಅವಕಾಶವಾಗಿರಬೇಕು ಎಂಬುದು 1976ರ ಸಂತಾ ಸಿಂಗ್ ತೀರ್ಪು. ಒಪ್ಪಿಕೊಂಡ ಹತ್ತು ನಿಮಿಷಕ್ಕೆ ಶಿಕ್ಷೆ ಓದಿದ್ದರೆ ಆರ್ಡರ್ ಶೀಟಿನಲ್ಲಿ ಅದು ಕಾಣುತ್ತದೆ.

'ಅಪೀಲುದಾರ ಬಡವ, ಮನೆಗೆ ಆಧಾರ' ಎಂಬ ಸಾಲು ಎಲ್ಲ ಅರ್ಜಿಯಲ್ಲೂ ಇರುತ್ತದೆ, ಹಾಗಾಗಿ ಅದನ್ನು ಯಾರೂ ಓದುವುದಿಲ್ಲ. ಅದರ ಬದಲು ಪಡಿತರ ಚೀಟಿ, ತಾಯಿಯ ಚಿಕಿತ್ಸೆಯ ಕಾಗದ, ಮಕ್ಕಳ ಶಾಲೆಯ ಪತ್ರ, ಕೆಲಸದ ಮಾಲೀಕರ ಪತ್ರ, ಹಿಂದೆ ಯಾವ ಶಿಕ್ಷೆಯೂ ಆಗಿಲ್ಲವೆಂಬ ಮಾಹಿತಿ, ಜೈಲಿನಲ್ಲಿದ್ದರೆ ನಡತೆಯ ವರದಿ ಇಡಿ. ನೊಂದವರಿಗೆ ಪರಿಹಾರ ಕೊಟ್ಟಿದ್ದರೆ ಬ್ಯಾಂಕ್ ದಾಖಲೆ ಸಮೇತ ತೋರಿಸಿ. ಕೈಯಲ್ಲಿ ಕೊಟ್ಟೆವು ಅಂದರೆ ತೂಕವಿಲ್ಲ. ಅಪರಾಧ ರಾಜಿಯಾಗಬಲ್ಲದ್ದಾದರೆ ಅಪೀಲಿನ ಹಂತದಲ್ಲೂ ಆ ನ್ಯಾಯಾಲಯದ ಅನುಮತಿ ಪಡೆದು ಕಲಂ 359ರಡಿ ರಾಜಿಯಾಗಬಹುದು. ರಾಜಿಯ ಫಲ ಖುಲಾಸೆ. ಶಿಕ್ಷೆ ಇಳಿಸುವುದಕ್ಕಿಂತ ಅದು ದೊಡ್ಡ ಲಾಭ, ಆದರೆ ಬಹಳ ಮಂದಿಗೆ ಇದು ತೋಚುವುದೇ ಇಲ್ಲ.

ಜೈಲಿಗೆ ಬದಲಾಗಿ ಪರಿವೀಕ್ಷಣೆ, ಅಂದರೆ ಒಳ್ಳೆಯ ನಡತೆಯ ಮುಚ್ಚಳಿಕೆಯ ಮೇಲೆ ಬಿಡುಗಡೆ ಬೇಕೆಂದರೆ 1958ರ ಕಾಯ್ದೆಯ ಕಲಂ 3, 4. ಅಪೀಲು ನ್ಯಾಯಾಲಯವೂ ಈ ಆದೇಶ ಮಾಡಬಹುದೆಂದು ಅದರ ಕಲಂ 11 ಹೇಳುತ್ತದೆ. ಕೆಳಗೆ ಕೇಳಿರದಿದ್ದರೂ ತೊಂದರೆಯಿಲ್ಲ. ಸರ್ಕಾರಿ ನೌಕರರು, ನೌಕರಿಗೆ ಕಾಯುತ್ತಿರುವವರು ಕಲಂ 12ನ್ನೂ ನಮೂದಿಸಲಿ, ಶಿಕ್ಷೆಯಿಂದ ಬರುವ ಅನರ್ಹತೆ ತಟ್ಟದಂತೆ ನೋಡುವುದು ಅದೇ. ಆದರೆ ವಾಹನ ಓಡಿಸಿ ಸಾವಿಗೆ ಕಾರಣರಾದ ಪ್ರಕರಣದಲ್ಲಿ ಇದರ ಮೇಲೆ ಭರವಸೆ ಇಡಬೇಡಿ. ಅಲ್ಲಿ ಪರಿವೀಕ್ಷಣೆಯ ಮೃದುತನ ಸಲ್ಲದು ಎಂದು 2000ದ ದಲ್ಬೀರ್ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಖಡಾಖಂಡಿತವಾಗಿ ಹೇಳಿದೆ.

ಅಪೀಲು ಮೆಮೊ ಬರೆಯುವಾಗ

ಪಕ್ಷಗಾರರ ಹೆಸರು, ಪೊಲೀಸ್ ಠಾಣೆಯ ಮೂಲಕ ಕರ್ನಾಟಕ ರಾಜ್ಯ ಎಂದು ಪ್ರತಿವಾದಿ, ಕೆಳನ್ಯಾಯಾಲಯದ ಪ್ರಕರಣ ಸಂಖ್ಯೆ, ತೀರ್ಪಿನ ದಿನಾಂಕ, ಕಲಂವಾರು ಶಿಕ್ಷೆ, ಒಳಗಿದ್ದ ದಿನಗಳು, ಆಮೇಲೆ ಆಧಾರಗಳು, ಕೊನೆಗೆ ಪ್ರಾರ್ಥನೆ. ಶಿಕ್ಷೆಯ ವಿವರವನ್ನು ಪಟ್ಟಿಯಾಗಿ ಕೊಟ್ಟು ಪ್ರತಿ ಕಲಮಿನ ಎದುರು ಕಾನೂನಿನ ಗರಿಷ್ಠವನ್ನೂ ಬರೆದರೆ ನ್ಯಾಯಾಧೀಶರಿಗೆ ಮೊದಲ ಪುಟದಲ್ಲೇ ವಿಷಯ ಸಿಗುತ್ತದೆ.

ಇಲ್ಲಿ ಸುರಕ್ಷಾ ಸಂಹಿತೆಯ ಕಲಂ 426ರ ಎರಡು ಮಾತುಗಳನ್ನು ಮರೆಯಬಾರದು. ಅಪೀಲು ಶಿಕ್ಷೆಯ ಬಗ್ಗೆ ಮಾತ್ರವಾದರೆ ನ್ಯಾಯಾಲಯ ಕೆಳಗಿನ ದಾಖಲೆ ತರಿಸದೆಯೇ ತೀರ್ಮಾನಿಸಬಹುದು. ಅಂದರೆ ನೀವು ಇಟ್ಟ ನಕಲುಗಳಷ್ಟೇ ಅವರ ಕಣ್ಣಿಗೆ ಬೀಳಬಹುದು; ಆರ್ಡರ್ ಶೀಟ್ ತರಿಸಿ ಎಂದಿದ್ದು ಇದಕ್ಕೇ. ಎರಡನೆಯದು, ಶಿಕ್ಷೆಯ ಕಠಿಣತೆಯೊಂದೇ ಆಧಾರವಾಗಿದ್ದರೆ ಅನುಮತಿಯಿಲ್ಲದೆ ಬೇರೆ ಆಧಾರದ ಮೇಲೆ ವಾದಿಸುವಂತಿಲ್ಲ. ತಪ್ಪೊಪ್ಪಿಗೆಯೇ ಸರಿಯಿಲ್ಲ, ಆರೋಪಿಗೆ ಅರ್ಥವಾಗದ ಭಾಷೆಯಲ್ಲಿ ಓದಿದರು, ಒಪ್ಪಿಕೊಂಡ ಸಂಗತಿಯಿಂದ ಅಪರಾಧವೇ ಆಗದು ಎಂಬ ವಾದ ನಿಮಗಿದ್ದರೆ ಅದನ್ನು ಮೊದಲ ದಿನವೇ ಪ್ರತ್ಯೇಕ ಆಧಾರವಾಗಿ ಬರೆಯಿರಿ: ಕಾನೂನಿನ ಕಣ್ಣಿನಲ್ಲಿ ಇದು ತಪ್ಪೊಪ್ಪಿಗೆಯೇ ಅಲ್ಲ, ಆದ್ದರಿಂದ ಕಲಂ 416ರ ತಡೆ ಅನ್ವಯಿಸದು ಎಂದು. ಗೆದ್ದರೂ ಪ್ರಕರಣ ಹಿಂದಕ್ಕೆ ಹೋಗಿ ಪೂರ್ತಿ ವಿಚಾರಣೆ ನಡೆಯುವ ಸಂಭವ ಹೆಚ್ಚು ಎಂಬುದನ್ನು ಕಕ್ಷಿದಾರರಿಗೆ ತಿಳಿಸಿಯೇ ಮುಂದುವರಿಯಬೇಕು.

ಈ ಆಧಾರವಿಲ್ಲದಾಗ ಘಟನೆಯನ್ನು ಮತ್ತೆ ಕೆದಕಬೇಡಿ. 'ತಪ್ಪು ಆಗಿಯೇ ಇಲ್ಲ' ಎಂಬ ಧಾಟಿ ಒಂದು ಪ್ಯಾರಾದಲ್ಲಿ ನುಸುಳಿದರೂ ಪಶ್ಚಾತ್ತಾಪದ ವಾದ ಅಲ್ಲಿಗೆ ಬಿದ್ದುಹೋಗುತ್ತದೆ.

ಪ್ರಾರ್ಥನೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಕೇಳಿ: ಪರಿವೀಕ್ಷಣೆಯ ಮೇಲೆ ಬಿಡುಗಡೆ, ಇಲ್ಲವಾದರೆ ದಂಡ ಮಾತ್ರ, ಅದೂ ಇಲ್ಲವಾದರೆ ಈಗಾಗಲೇ ಅನುಭವಿಸಿದ ಸಜೆಗೆ ಇಳಿಕೆ, ಎಲ್ಲ ಸಜೆ ಒಟ್ಟಿಗೆ, ಒಳಗಿದ್ದ ದಿನಗಳ ಕಡಿತ. 'ಸೂಕ್ತ ಆದೇಶ ಮಾಡಿ' ಎಂದಷ್ಟೇ ಬರೆದರೆ ಸಿಗುವುದೂ ಅಷ್ಟೇ.

ಅಪೀಲು ಮುಗಿಯುವವರೆಗೆ ಹೊರಗಿರುವುದು

ಆರು ತಿಂಗಳ ಸಜೆಯ ಅಪೀಲು ಒಂದು ವರ್ಷ ನಡೆದರೆ ಗೆದ್ದು ಪ್ರಯೋಜನವಿಲ್ಲ. ಆದ್ದರಿಂದ ಶಿಕ್ಷೆಯ ಅಮಾನತು ಅರ್ಜಿ ಅಪೀಲಿನಷ್ಟೇ ಮುಖ್ಯ. ಆರೋಪಿ ಜಾಮೀನಿನ ಮೇಲಿದ್ದು, ಸಜೆ ಮೂರು ವರ್ಷ ಮೀರದಿದ್ದರೆ, ಅಪೀಲು ಹಾಕುತ್ತೇವೆಂದು ಶಿಕ್ಷೆ ಕೊಟ್ಟ ನ್ಯಾಯಾಲಯಕ್ಕೇ ಅದೇ ದಿನ ಅರ್ಜಿ ಕೊಡಿ. ವಿಶೇಷ ಕಾರಣ ಇಲ್ಲದಿದ್ದರೆ ಅವರು ಬಿಡಲೇಬೇಕು ಎಂಬುದು ಕಲಂ 430(3). ಆ ಬಿಡುಗಡೆ ಅಪೀಲು ಹಾಕುವಷ್ಟು ಕಾಲಕ್ಕೆ ಮಾತ್ರ. ಅಪೀಲಿನ ಜತೆ ಕಲಂ 430(1)ರ ಅರ್ಜಿ ಕೊಟ್ಟು ಮುಂದುವರಿಸಿಕೊಳ್ಳಬೇಕು. ಆ ಅರ್ಜಿಯಲ್ಲಿ ಸಜೆಯ ಜತೆ ದಂಡವನ್ನೂ ಅಮಾನತಿಡಲು ಕೇಳಿ. ನಿಗದಿತ ಅವಧಿಯ ಸಣ್ಣ ಸಜೆಯಲ್ಲಿ ಅಮಾನತನ್ನು ಉದಾರವಾಗಿ ಪರಿಗಣಿಸಬೇಕು ಎಂಬುದಕ್ಕೆ 1999ರ ಭಗವಾನ್ ರಾಮಾ ಶಿಂಧೆ ಗೋಸಾಯಿ ತೀರ್ಪನ್ನು ಉಲ್ಲೇಖಿಸುವುದು ವಾಡಿಕೆ. ಜಾಮೀನುದಾರರ ಪಹಣಿ, ಆಧಾರ್, ಫೋಟೊ ಮೊದಲೇ ಸಿದ್ಧವಿರಲಿ. ಆದೇಶವಾದ ದಿನವೇ ಜಾಮೀನು ಕೊಡಲಾಗದೆ ಶನಿವಾರ, ಭಾನುವಾರ ಒಳಗೇ ಕಳೆದವರುಂಟು.

ಹೊರಗಿದ್ದ ಈ ದಿನಗಳು ಸಜೆಯ ಲೆಕ್ಕಕ್ಕೆ ಸೇರುವುದಿಲ್ಲ. ಸೋತರೆ ಉಳಿದದ್ದನ್ನು ಅನುಭವಿಸಲೇಬೇಕು.

ಒಳಗಿರುವವರು ವಕೀಲರಿಲ್ಲದೆಯೂ ಜೈಲು ಅಧಿಕಾರಿಯ ಕೈಗೆ ಅಪೀಲು ಅರ್ಜಿ ಕೊಡಬಹುದು, ಅವರು ಅದನ್ನು ನ್ಯಾಯಾಲಯಕ್ಕೆ ಕಳಿಸಬೇಕು. ಇದು ಕಲಂ 424. ಬಂಧನದಲ್ಲಿರುವವರು, ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರು. ತಾಲ್ಲೂಕು ಕಾನೂನು ಸೇವಾ ಸಮಿತಿಗೋ ಜಿಲ್ಲಾ ಪ್ರಾಧಿಕಾರಕ್ಕೋ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ.

ಅಪೀಲು ಹಾಕಿದರೆ ಶಿಕ್ಷೆ ಏರುತ್ತದೆಯೇ?

ಈ ಭಯದಿಂದಲೇ ಹಲವರು ಹಿಂದೆ ಸರಿಯುತ್ತಾರೆ. ಅಪರಾಧಿಯೇ ಹಾಕಿದ ಅಪೀಲಿನಲ್ಲಿ ಶಿಕ್ಷೆಯನ್ನು ಏರಿಸುವಂತಿಲ್ಲ ಎಂದು ಕಲಂ 427 ಸ್ಪಷ್ಟವಾಗಿ ಹೇಳುತ್ತದೆ. ಏರಿಸಬೇಕಾದರೆ ಸರ್ಕಾರ ಕಲಂ 418ರಡಿ ಬೇರೆ ಅಪೀಲು ಹಾಕಬೇಕು, ಅಥವಾ ಹೈಕೋರ್ಟು ಪುನರೀಕ್ಷಣೆಯಲ್ಲಿ (ರಿವಿಷನ್, ಅಂದರೆ ಕೆಳಗಿನ ಆದೇಶ ಸರಿಯೇ ಎಂದು ಪರಿಶೀಲಿಸುವುದು) ನೋಟಿಸು ಕೊಟ್ಟು ಕೇಳಬೇಕು. ಹಾಗೊಮ್ಮೆ ಸರ್ಕಾರ ಬಂದರೆ ನಮ್ಮ ರಾಜ್ಯದ್ದೇ ಒಂದು ತೀರ್ಪು ಕೈಯಲ್ಲಿರಲಿ: ತಿಪ್ಪೇಸ್ವಾಮಿ ವಿರುದ್ಧ ಕರ್ನಾಟಕ ರಾಜ್ಯ, 1983ರಲ್ಲಿ ವರದಿಯಾದದ್ದು. ಸಣ್ಣ ಶಿಕ್ಷೆಯ ಆಸೆ ತೋರಿಸಿ ಒಪ್ಪಿಸಿ, ಆಮೇಲೆ ಅಪೀಲಿನಲ್ಲಿ ಶಿಕ್ಷೆ ಏರಿಸುವುದು ಸಂವಿಧಾನದ 21ನೇ ವಿಧಿಗೆ ವಿರುದ್ಧ ಎಂದು ಸುಪ್ರೀಂ ಕೋರ್ಟು ಹೇಳಿ, ಪ್ರಕರಣವನ್ನು ವಿಚಾರಣೆಗೆ ಹಿಂದಕ್ಕೆ ಕಳಿಸಿತು.

ಆದೇಶ ಬಂದ ಮೇಲೆ

ಶಿಕ್ಷೆ ಇಳಿದ ಆದೇಶದ ಪ್ರತಿ ಕೆಳನ್ಯಾಯಾಲಯಕ್ಕೂ, ಒಳಗಿದ್ದರೆ ತಿದ್ದಿದ ವಾರಂಟ್ ಜೈಲಿಗೂ ಮುಟ್ಟಿತೇ ಎಂದು ಬೆಂಚ್ ಕ್ಲರ್ಕ್ ಹತ್ತಿರ ವಿಚಾರಿಸಿ. 'ಅನುಭವಿಸಿದಷ್ಟೇ ಸಾಕು' ಎಂಬ ಆದೇಶವಾಗಿಯೂ ದಂಡ ಕಟ್ಟಿರದಿದ್ದರೆ ಅದರ ಬದಲಿನ ಸಜೆಗೆ ಒಳಗೇ ಇರಬೇಕಾಗುತ್ತದೆ; ರಸೀದಿಯನ್ನು ಜೈಲಿಗೆ ತಲುಪಿಸಿ. ಈಗಾಗಲೇ ಹೆಚ್ಚಿಗೆ ಕಟ್ಟಿದ್ದರೆ ಆ ಹಣ ಹಿಂದಿರುಗಿಸಲು ಅರ್ಜಿ ಹಾಕಬೇಕು, ತಾನಾಗಿ ಬರುವುದಿಲ್ಲ.

ಅಪೀಲು ವಜಾ ಆದರೆ ಹೈಕೋರ್ಟಿಗೆ ಪುನರೀಕ್ಷಣಾ ಅರ್ಜಿ, 90 ದಿನದೊಳಗೆ. ಅಪೀಲು ಹಾಕದೆಯೇ ನೇರ ಪುನರೀಕ್ಷಣೆಗೆ ಹೋಗುವ ಅಡ್ಡದಾರಿಯನ್ನು ಕಲಂ 442(4) ಮುಚ್ಚಿದೆ. ತಪ್ಪು ತಿಳಿವಳಿಕೆಯಿಂದ ಹಾಗೆ ಹೋಗಿದ್ದರೆ ಅದನ್ನೇ ಅಪೀಲೆಂದು ಪರಿಗಣಿಸಲು ಕಲಂ 442(5)ರಡಿ ಕೇಳಿಕೊಳ್ಳಬಹುದು.